ಬ್ಲೇಡಿನ ಕಾಗದದ ಮೇಲಿದ್ದ ಮೀಸೆಯ ಮನುಷ್ಯ: ಕಿಂಗ್ ಜಿಲೆಟ್

ಕವಿಗಳು, ವಿಜ್ಞಾನಿಗಳು, ಅಣೆಕಟ್ಟು ಕಟ್ಟಿದ ಇಂಜಿನಿಯರುಗಳು, ಇವರ ಜೀವನ ಕಥೆಗಳನ್ನು ನಾವೆಲ್ಲ ಸಾಕಷ್ಟು ಓದಿದ್ದೇವೆ. ಈ ಸಲ ಒಬ್ಬ ಸೇಲ್ಸ್‌ಮನ್ ಕಥೆ ಹೇಳೋಣ. ಇವನು ಇಂಜಿನಿಯರಿಂಗ್ ಓದಿದವನಲ್ಲ. ಊರೂರು ಸುತ್ತಿ ಬಾಟಲಿ ಮುಚ್ಚಳ ಮಾರುತ್ತಿದ್ದವನು. ಆದರೆ ನಮ್ಮ ಹಾಸ್ಟೆಲಿನ ಪ್ರತಿ ರೂಮಿನ ಬಕೆಟ್ಟಿನಲ್ಲಿ ಇವತ್ತಿಗೂ ಇವನ ಹೆಸರೋ, ಇವನ ಐಡಿಯಾದ ಮರಿಮಗುವೋ ಒಂದು ಇದ್ದೇ ಇರುತ್ತದೆ. ಹೆಸರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಅನ್ನೋದು ಬಿರುದಲ್ಲ, ಅಪ್ಪ ಅಮ್ಮ ಇಟ್ಟ ಹೆಸರೇ. ಕ್ಯಾಂಪ್ ಅನ್ನೋದು ತಾಯಿಯ ತವರಿನ ಹೆಸರು.

ಗಡ್ಡ, ಮೀಸೆ, ಎದೆ, ಬೆನ್ನು, ಕಂಕುಳು. ಗಂಡಸರ ಮೈಕೂದಲಿನ ವಿಷಯ ಹಾಸ್ಟೆಲಿನಲ್ಲಿ ನಗೆಚಾಟಿಕೆಗೆ ಬರುತ್ತದೆ, ಗಂಭೀರ ಮಾತಿಗೆ ಬರುವುದಿಲ್ಲ. ತೆಗೆಯಬೇಕಾ ಬೇಡವಾ, ತೆಗೆಯೋದಾದ್ರೆ ಹೇಗೆ ಅಂತ ಅಣ್ಣನ ಹತ್ತಿರ ಕೇಳೋಕೂ ನಾಚಿಕೆ, ಡಾಕ್ಟರ ಹತ್ತಿರ ಕೇಳೋಕೂ ನಾಚಿಕೆ. ಕೊನೆಗೆ ಉತ್ತರ ಕೊಡೋದು ಮೊಬೈಲಿನ ಜಾಹೀರಾತು. ಈ ಪ್ರಶ್ನೆ ನಮ್ಮ ಕೈಗೆ ಬಂದದ್ದು ಹೇಗೆ ಅಂತ ತಿಳಿಯೋಕೆ ಜಿಲೆಟ್‌ನ ಬದುಕಿಗಿಂತ ಒಳ್ಳೆಯ ದಾರಿ ನಮಗೆ ಕಾಣಲಿಲ್ಲ.

ಮೂರು ತಾಲ್ಲೂಕು, ಮೂರು ವಿಧಾನ

ಜಿಲೆಟ್ ಹುಟ್ಟಿದ ದೇಶಕ್ಕೆ ಹೋಗುವ ಮೊದಲು ನಮ್ಮ ಕಡೆಯೇ ಒಂದು ಸುತ್ತು ಹಾಕೋಣ. ಸಂಘದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಕೆಲವರಿದ್ದೇವೆ. ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಅಕ್ಕಪಕ್ಕದವು. ಅಡಿಕೆ ತೋಟ, ಕಾಫಿ, ಮಳೆ ಎಲ್ಲ ಒಂದೇ. ಕೂದಲು ತೆಗೆಯುವ ವಿಷಯದಲ್ಲಿ ಮಾತ್ರ ಮೂರು ಬೇರೆ ಬೇರೆ ಪದ್ಧತಿಗಳನ್ನು ಇಲ್ಲಿ ಕಾಣಬಹುದು.

ಶೃಂಗೇರಿಯಲ್ಲಿ ತುಂಗೆಯ ದಡದ ಶಾರದಾ ಪೀಠದ ಸಂಪ್ರದಾಯದಲ್ಲಿ ಯತಿಗಳು ತಲೆ, ಗಡ್ಡ ಬೋಳಿಸಿಕೊಳ್ಳುತ್ತಾರೆ. ಅದಕ್ಕೂ ಲೆಕ್ಕ ಇದೆ. ಮನಸ್ಸು ಬಂದ ದಿನ ಅಲ್ಲ, ಋತು ಬದಲಾಗುವ ಹುಣ್ಣಿಮೆಯ ದಿನ. ಆಷಾಢ ಹುಣ್ಣಿಮೆಗೆ ವ್ಯಾಸಪೂಜೆ ಮಾಡಿ ಚಾತುರ್ಮಾಸ್ಯಕ್ಕೆ ಕೂತರೆ ವ್ರತ ಮುಗಿಯುವ ತನಕ ಕತ್ತಿ ಮುಟ್ಟುವ ಹಾಗಿಲ್ಲ. ಇಲ್ಲಿ ಕೂದಲು ತೆಗೆಯೋದು ಚೆಂದಕ್ಕಲ್ಲ, ಚೆಂದದ ಚಿಂತೆ ಬಿಡೋದಕ್ಕೆ.

ನರಸಿಂಹರಾಜಪುರ, ಹಿಂದಿನ ಎಡೇಹಳ್ಳಿ, ಜೈನರಿಗೆ ಜ್ವಾಲಾಮಾಲಿನಿಯ ಸಿಂಹನಗದ್ದೆ ಬಸದಿಯ ಊರು. ದಿಗಂಬರ ಜೈನ ಮುನಿಗಳು ಕತ್ತಿಯನ್ನೇ ಮುಟ್ಟುವುದಿಲ್ಲ. ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದಲೇ ಹಿಡಿದು ಕೀಳುತ್ತಾರೆ. ಇದಕ್ಕೆ ಕೇಶಲೋಚನ ಅಂತ ಹೆಸರು. ಎರಡರಿಂದ ನಾಲ್ಕು ತಿಂಗಳೊಳಗೆ ಒಮ್ಮೆ ನಡೆಯಬೇಕು. ಮುನಿಗಳ 28 ಮೂಲಗುಣಗಳಲ್ಲಿ ಇದೂ ಒಂದು. ಕತ್ತಿ ಬೇಡ, ಕತ್ತಿ ಹಿಡಿಯುವ ಇನ್ನೊಬ್ಬನೂ ಬೇಡ. ಯಾರ ಮೇಲೂ, ಯಾವುದರ ಮೇಲೂ ಅವಲಂಬನೆ ಇಲ್ಲ, ದೇಹದ ಮೇಲೆ ಮೋಹವೂ ಇಲ್ಲ.

ಇನ್ನು ಕೊಪ್ಪದ ಕಡೆಯ ಸಂಸಾರಿಗಳು. ಇವರದ್ದು ಕ್ಷೌರಿಕರ ದಾರಿ. ಒಂದೊಂದು ಮನೆ ಒಂದೊಂದು ಗುಡ್ಡದ ಮೇಲಿರುವ ಮಲೆನಾಡಿನಲ್ಲಿ ಕ್ಷೌರಿಕರು ಪೆಟ್ಟಿಗೆ ಹಿಡಿದು ಮನೆ ಮನೆಗೆ ನಡೆದು ಬರುತ್ತಿದ್ದ ಕಾಲ ಅಜ್ಜಂದಿರಿಗೆ ಚೆನ್ನಾಗಿ ನೆನಪಿದೆ. ಅಂಗಳದಲ್ಲಿ ಮಣೆ, ತಂಬಿಗೆಯಲ್ಲಿ ನೀರು, ಸಾಣೆಕಲ್ಲಿನ ಮೇಲೆ ಮಸೆದ ಕತ್ತಿ, ಗೀರು ಬಿದ್ದರೆ ಪಟಿಕ. ಗಡ್ಡ ತೆಗೆಯೋದು ದಿನದ ಕೆಲಸ ಆಗಿರಲಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಕೆಲಸ ಮಾಡಿದವರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ, ಅವರು ಹೋದ ಮೇಲೆ ಸ್ನಾನ ಮಾಡಿಯೇ ಒಳಗೆ ಬರಬೇಕಿತ್ತು ಅನ್ನುವುದನ್ನೂ ನಾವು ಮರೆಯಬಾರದು. ಗಂಟಲ ಮೇಲೆ ಕತ್ತಿ ಇಡುವಷ್ಟು ನಂಬಿಕೆ, ಹೊಸ್ತಿಲು ದಾಟಿಸದಷ್ಟು ದೂರ, ಎರಡೂ ಒಟ್ಟಿಗೇ ಇದ್ದವು.

ಇಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಈ ಮೂರರಲ್ಲಿ ಎರಡೇ ಪ್ರಶ್ನೆ. ಕೂದಲನ್ನು ಚರ್ಮದ ಮಟ್ಟದಲ್ಲಿ ಕತ್ತರಿಸೋದಾ, ಬುಡದಿಂದ ಕೀಳೋದಾ? ಆಯುಧ ಯಾರ ಕೈಯಲ್ಲಿ? ಜಿಲೆಟ್ ಬದಲಾಯಿಸಿದ್ದು ಎರಡನೆಯ ಪ್ರಶ್ನೆಯ ಉತ್ತರವನ್ನು.

ಬೆಂಕಿ, ಮುಚ್ಚಳ ಮತ್ತು ಒಂದು ಸಲಹೆ

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಮನೆಯಲ್ಲಿ ಎಲ್ಲರಿಗೂ ಏನಾದರೂ ಬಿಚ್ಚಿ ಜೋಡಿಸುವ ಹುಚ್ಚು. ಅಪ್ಪ, ಅಣ್ಣಂದಿರು ಸಣ್ಣಪುಟ್ಟ ಸಾಧನ ಮಾಡುತ್ತಿದ್ದರು. ತಾಯಿ ಫ್ಯಾನಿ ಬರೆದ ಅಡುಗೆ ಪುಸ್ತಕ 1887ರಲ್ಲಿ ಬಂದು, ಹಲವು ದಶಕ ಅಮೆರಿಕದ ಮನೆಗಳಲ್ಲಿ ಉಳಿಯಿತು.

1871ರಲ್ಲಿ ಶಿಕಾಗೋ ನಗರಕ್ಕೆ ಬೆಂಕಿ ಬಿತ್ತು. ಊರಿನ ದೊಡ್ಡ ಭಾಗ ಸುಟ್ಟುಹೋಯಿತು, ಜಿಲೆಟ್ ಮನೆಯವರ ಆಸ್ತಿಯೂ ಅದರಲ್ಲಿ ಹೋಯಿತು. ಹದಿನಾರರ ಹುಡುಗ ಕೆಲಸಕ್ಕೆ ಇಳಿದ. ಮುಂದಿನ ಎರಡು ದಶಕ ಇವನದ್ದು ರೈಲು, ಬ್ಯಾಗು, ಲಾಡ್ಜು. ಮಾರುವುದರಲ್ಲಿ ಗಟ್ಟಿಗ. ನಡುನಡುವೆ ಕೆಲವು ಪೇಟೆಂಟೂ ಪಡೆದ, ಆದರೆ ದುಡ್ಡು ತಂದದ್ದು ಒಂದೂ ಇಲ್ಲ.

1890ರ ದಶಕದ ಆರಂಭದಲ್ಲಿ ವಿಲಿಯಂ ಪೇಂಟರ್ ಎಂಬವನ ಕಂಪನಿ ಸೇರಿದ. ಸೋಡಾ ಬಾಟಲಿಗೆ ಹಾಕುವ, ಅಂಚು ಮಡಿಚಿದ ತಗಡಿನ ಮುಚ್ಚಳ ಗೊತ್ತಲ್ಲ, ಅದನ್ನು ಕಂಡುಹಿಡಿದವನೇ ಈ ಪೇಂಟರ್. ಮುಚ್ಚಳದ ಗುಟ್ಟು ಇಷ್ಟೇ. ಒಮ್ಮೆ ತೆಗೆದರೆ ಮುಗಿಯಿತು, ಎಸೆಯಬೇಕು, ಮತ್ತೆ ಹೊಸದೇ ಬೇಕು. ಪೇಂಟರ್ ಜಿಲೆಟ್‌ಗೆ ಕೊಟ್ಟ ಸಲಹೆಯೂ ಅದೇ. ಜನ ಬಳಸಿ ಎಸೆದು ಮತ್ತೆ ಕೊಳ್ಳಲು ಬರುವಂಥದ್ದು ಏನಾದರೂ ಯೋಚಿಸು ಅಂದ. ಜಿಲೆಟ್ ಈ ಮಾತನ್ನು ತಲೆಗೆ ಹಚ್ಚಿಕೊಂಡ. ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಅಕ್ಷರ ಹಿಡಿದು, ಆ ಅಕ್ಷರದಿಂದ ಶುರುವಾಗುವ ವಸ್ತುಗಳನ್ನೆಲ್ಲ ಪಟ್ಟಿ ಮಾಡಿ ಹುಡುಕುತ್ತಿದ್ದನಂತೆ. ಪ್ರಾಜೆಕ್ಟ್ ಟಾಪಿಕ್ ಸಿಗದೆ ಒದ್ದಾಡುವ ನಮ್ಮ ಫೈನಲ್ ಇಯರ್ ಗೆಳೆಯರಿಗೆ ಈ ಸಂಕಟ ಅರ್ಥವಾದೀತು.

ವ್ಯಾಪಾರಿಯೊಳಗಿನ ಕನಸುಗಾರ

ಇಲ್ಲಿ ಕಥೆಗೆ ಒಂದು ತಿರುವು. ಎಸೆಯುವ ವಸ್ತು ಹುಡುಕುತ್ತಿದ್ದ ಇದೇ ಮನುಷ್ಯ 1894ರಲ್ಲಿ ಒಂದು ಪುಸ್ತಕ ಬರೆದ. ದ ಹ್ಯೂಮನ್ ಡ್ರಿಫ್ಟ್ ಅದರ ಹೆಸರು. ಬಂಡವಾಳಗಾರರ ಪೈಪೋಟಿಯೇ ಎಲ್ಲ ಅನ್ಯಾಯದ ಮೂಲ, ಪೈಪೋಟಿಯಿಂದ ಶ್ರಮ, ಸಾಮಾನು ಎಲ್ಲವೂ ದಂಡ ಅನ್ನುವುದು ವಾದ. ಪರಿಹಾರ? ಇಡೀ ದೇಶದ ಉತ್ಪಾದನೆಯನ್ನು ಜನರೇ ಒಡೆಯರಾದ ಒಂದೇ ಕಂಪನಿ ನಡೆಸಬೇಕು. ಬಹುತೇಕ ಎಲ್ಲರೂ ಮೆಟ್ರೊಪೊಲಿಸ್ ಎಂಬ ಒಂದೇ ದೈತ್ಯ ನಗರದಲ್ಲಿ, ಸಾವಿರಾರು ದುಂಡನೆಯ ಬಹುಮಹಡಿ ಕಟ್ಟಡಗಳಲ್ಲಿ ಇರಬೇಕು. ವಿದ್ಯುತ್ತು ನಯಾಗರ ಜಲಪಾತದಿಂದ.

ನಗಬೇಡಿ. ಪೋಲು ಕಂಡರೆ ಆಗದವನು ಪೋಲನ್ನೇ ಆಧರಿಸಿದ ವಸ್ತು ಮಾಡಿ ಶ್ರೀಮಂತನಾದ. ಈ ಎರಡು ಎಳೆ ಅವನ ಬದುಕಿನ ಕೊನೆತನಕ ಜೊತೆಜೊತೆಗೇ ಸಾಗಿದವು.

1895ರ ಒಂದು ಬೆಳಗ್ಗೆ

ಮರುವರ್ಷ, ಬಾಸ್ಟನ್ ಪಕ್ಕದ ಬ್ರುಕ್‌ಲೈನ್‌ನ ಮನೆಯಲ್ಲಿ ಕನ್ನಡಿ ಮುಂದೆ ನಿಂತಾಗ ಅವನ ಕತ್ತಿ ಮೊಂಡಾಗಿತ್ತು. ಚರ್ಮದ ಪಟ್ಟಿಗೆ ತಿಕ್ಕಿದರೂ ಸರಿಯಾಗದಷ್ಟು ಮೊಂಡು, ಸಾಣೆಗೇ ಕೊಡಬೇಕು. ಆಗ ಹೊಳೆಯಿತು. ಕೂದಲು ಕತ್ತರಿಸುವುದು ಅಂಚು ಮಾತ್ರ. ಆ ಅಂಚನ್ನು ಹೊರಲು ಇಷ್ಟು ದಪ್ಪನೆಯ ಉಕ್ಕು ಯಾಕೆ? ಕಾಗದದ ಹಾಗೆ ತೆಳ್ಳಗಿನ ಉಕ್ಕಿನ ಪಟ್ಟಿ, ಎರಡೂ ಬದಿಗೆ ಅಂಚು, ಹಿಡಿದುಕೊಳ್ಳಲು ಒಂದು ಹಿಡಿ. ಮೊಂಡಾದರೆ ಮಸೆಯೋದೇ ಬೇಡ, ಎಸೆದುಬಿಡಿ.

ಸುರಕ್ಷಿತ ರೇಜರ್ ಅವನಿಗಿಂತ ಮೊದಲೇ ಇತ್ತು ಅನ್ನೋದು ಗಮನಿಸಿ. 18ನೇ ಶತಮಾನದಲ್ಲೇ ಫ್ರಾನ್ಸಿನ ಜ್ಯಾಂ ಜಾಕ್ ಪೆರೆ ಕತ್ತಿಗೆ ಮರದ ಕಾಪು ಹಾಕಿದ್ದ. 1880ರಲ್ಲಿ ನ್ಯೂಯಾರ್ಕಿನ ಕಾಂಪ್ಫೆ ಸಹೋದರರು ಬಾಚಣಿಗೆಯಂಥ ಕಾಪಿರುವ ರೇಜರ್ ಮಾಡಿದ್ದರು. ಆದರೆ ಅವುಗಳ ಬ್ಲೇಡು ದಪ್ಪ, ಬಡಿದು ಮಾಡಿದ್ದು, ಮಸೆಯೋ ಕೆಲಸ ತಪ್ಪಿರಲಿಲ್ಲ. ಜಿಲೆಟ್‌ನ ಹೊಸತನ ಇದ್ದದ್ದು ಬ್ಲೇಡಿನಲ್ಲಿ.

ಐಡಿಯಾ ಬಂದ ಬೆಳಗ್ಗೆಯಿಂದ ಮೊದಲ ರೇಜರ್ ಮಾರಾಟ ಆಗೋ ತನಕ ಎಂಟು ವರ್ಷ ಹಿಡಿಯಿತು. ಎಂಐಟಿಯ ಪರಿಣತರೂ ಸೇರಿ, ಲೋಹ ಬಲ್ಲವರು ಇದು ಆಗದ ಕೆಲಸ ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಮೆಟೀರಿಯಲ್ ಸೈನ್ಸ್ ತರಗತಿ ನೆನಪಿಸಿಕೊಳ್ಳಿ. ಉಕ್ಕು ಗಟ್ಟಿಯಾಗಬೇಕಾದರೆ ಕೆಂಪಗೆ ಕಾಯಿಸಿ ತಟ್ಟನೆ ತಣಿಸಬೇಕು. ದಪ್ಪ ಕತ್ತಿಯಾದರೆ ತಡೆದುಕೊಳ್ಳುತ್ತದೆ. ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ದಪ್ಪದ ತಗಡು ತಣಿಯುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಸೊಟ್ಟಗಾದ ತಗಡಿಗೆ ನೇರ ಅಂಚು ಬರುವುದಿಲ್ಲ.

ಆ ಗಂಟು ಬಿಡಿಸಿದವನು ವಿಲಿಯಂ ನಿಕರ್ಸನ್, ಎಂಐಟಿಯಲ್ಲಿ ಓದಿದವನು. 1901ರಲ್ಲಿ ಜಿಲೆಟ್ ಜೊತೆ ಸೇರಿದ. ಬ್ಲೇಡುಗಳನ್ನು ಬಿಗಿಯಾಗಿ ಅದುಮಿ ಹಿಡಿದೇ ಕಾಯಿಸಿ ತಣಿಸಿದರೆ ಸೊಟ್ಟಗಾಗದು ಅನ್ನುವುದನ್ನು ಸಾಧಿಸಿ ತೋರಿಸಿದ. ಅಂಚು ಮಸೆಯುವ ಯಂತ್ರಗಳನ್ನೂ ತಾನೇ ರೂಪಿಸಿದ. ರೇಜರಿನ ತಲೆಯ ವಿನ್ಯಾಸವೂ ಜಾಣತನದ್ದು. ತೆಳು ಬ್ಲೇಡನ್ನು ಮೇಲಿನ ಬಾಗಿದ ಮುಚ್ಚಳ ಅದುಮಿ ಬಾಗಿಸುತ್ತದೆ, ಬಾಗಿದ ತಗಡಿಗೆ ಬಿಗಿ ಬರುತ್ತದೆ. ಮಳೆಗಾಲದಲ್ಲಿ ಅಡಿಕೆ ಹಾಳೆ ಮಡಿಸಿ ಹಿಡಿದರೆ ಗಟ್ಟಿಯಾಗುತ್ತಲ್ಲ, ಅದೇ ಸೂತ್ರ.

ಕಂಪನಿಗೆ ನಿಕರ್ಸನ್ ಹೆಸರು ಯಾಕೆ ಬರಲಿಲ್ಲ ಅನ್ನೋದಕ್ಕೆ ಒಂದು ತಮಾಷೆಯ ಕಥೆ ಇದೆ. ಇಂಗ್ಲಿಷಿನಲ್ಲಿ ನಿಕ್ ಅಂದರೆ ಗೀರುಗಾಯ. ಗೀರುವವನ ರೇಜರ್ ಅಂತ ಹೆಸರಿಟ್ಟರೆ ಕೊಳ್ಳುವವರು ಯಾರು? ಹಾಗಾಗಿ ಕೆಲಸ ಮಾಡಿ ತೋರಿಸಿದ ಇಂಜಿನಿಯರ್ ಹೆಸರು ಫ್ಯಾಕ್ಟರಿಯೊಳಗೇ ಉಳಿಯಿತು, ಸೇಲ್ಸ್‌ಮನ್ ಹೆಸರು ಲೋಕ ಸುತ್ತಿತು. ಇದರಲ್ಲಿ ನಮಗೂ ಒಂದು ಪಾಠ ಇದೆ ಅನ್ನಿಸುತ್ತದೆ, ಅಲ್ವಾ?

51ರಿಂದ ಲಕ್ಷಕ್ಕೆ

1903ರಲ್ಲಿ ಮಾರಾಟ ಶುರುವಾಯಿತು. ಆ ವರ್ಷ ಹೋದದ್ದು 51 ರೇಜರ್, 168 ಬ್ಲೇಡು, ಅಷ್ಟೇ. ನಮ್ಮ ಕಾಲೇಜಿನ ಒಂದು ಸೆಕ್ಷನ್ನಿಗೂ ಸಾಲದು. ಮರುವರ್ಷ ರೇಜರ್ ಸಂಖ್ಯೆ 90 ಸಾವಿರ ದಾಟಿತು. 1904ರ ನವೆಂಬರ್ 15ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 775134.

ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಜಿಲೆಟ್ ಹೆಸರು ಬರುವುದು ಒಂದೇ ಕಾರಣಕ್ಕೆ. ಹಿಡಿಯನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಲಾಭ ಹೊಡೆದ ಅಂತ. ಪೂರ್ತಿ ನಿಜ ಅಲ್ಲ. ಪೇಟೆಂಟ್ ಕೈಯಲ್ಲಿದ್ದ ಕಾಲದಲ್ಲಿ ರೇಜರ್ ಬೆಲೆ 5 ಡಾಲರ್, ಅಂದಿನ ಕೂಲಿ ಕೆಲಸದವನ ವಾರದ ಸಂಬಳದಲ್ಲಿ ದೊಡ್ಡ ಪಾಲು. 1921ರಲ್ಲಿ ಪೇಟೆಂಟ್ ಅವಧಿ ಮುಗಿದು, ಬೇರೆಯವರೂ ಅಂಥದ್ದೇ ಮಾಡಬಹುದು ಅಂತಾದ ಮೇಲೇ ಬೆಲೆ ಇಳಿದದ್ದು.

ಮೊದಲ ಮಹಾಯುದ್ಧ ಕಂಪನಿಗೆ ದೊಡ್ಡ ತಿರುವು. ವಿಷಾನಿಲದ ಕಾಲ. ಗಡ್ಡ ಇದ್ದರೆ ಮುಖವಾಡ ಚರ್ಮಕ್ಕೆ ಅಂಟಿ ಕೂರುವುದಿಲ್ಲ, ಕಂದಕದಲ್ಲಿ ಕ್ಷೌರದಂಗಡಿಯೂ ಇಲ್ಲ. ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರ್, 3 ಕೋಟಿಗೂ ಹೆಚ್ಚು ಬ್ಲೇಡು ಕೊಂಡಿತು. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರಿಗೆ ದಿನಾ ಬೆಳಗ್ಗೆ ತಾವೇ ಕೆನ್ನೆ ನುಣ್ಣಗೆ ಮಾಡಿಕೊಳ್ಳುವ ಅಭ್ಯಾಸ ಬಂದಿತ್ತು. ವಾರಕ್ಕೊಮ್ಮೆಯ ಕ್ಷೌರ ದಿನದ ಶೇವಿಂಗ್ ಆದದ್ದು ಹೀಗೆ.

ಪ್ರತಿ ಬ್ಲೇಡಿನ ಹೊದಿಕೆ ಕಾಗದದ ಮೇಲೂ ಜಿಲೆಟ್‌ನ ಚಿತ್ರ. ಭಾಷೆ ಬಾರದ ದೇಶದಲ್ಲೂ ಅಂಗಡಿಯವರು ಅವನ ಗುರುತು ಹಿಡಿಯುತ್ತಿದ್ದರಂತೆ. ಆ ಚಿತ್ರದಲ್ಲಿ ಒಂದು ತಮಾಷೆ ಇದೆ. ಜಗತ್ತಿಗೆಲ್ಲ ಬೋಳಿಸಿಕೊಳ್ಳೋದು ಕಲಿಸಿದವನ ಮೂಗಿನ ಕೆಳಗೆ ದಪ್ಪ ಮೀಸೆ. ಏನು ತೆಗೆಯಬೇಕು, ಏನು ಉಳಿಸಬೇಕು ಅನ್ನುವುದನ್ನು ಅವನು ತನ್ನ ಮಟ್ಟಿಗೆ ತಾನೇ ತೀರ್ಮಾನಿಸಿದ್ದ.

ನಾಚಿಕೆ ಮಾರಾಟಕ್ಕೆ ಬಂದದ್ದು

1915ರಲ್ಲಿ ಕಂಪನಿ ಹೆಂಗಸರಿಗಾಗಿ ಮೈಲೇಡಿ ಡೆಕೊಲ್ಟೆ ಎಂಬ ರೇಜರ್ ತಂದಿತು. ಆಗಷ್ಟೇ ತೋಳಿಲ್ಲದ ಉಡುಪುಗಳು ಫ್ಯಾಷನ್ ಆಗುತ್ತಿದ್ದವು. ಕಂಕುಳಿನ ಕೂದಲು ಒಂದು ಮುಜುಗರ, ಅದನ್ನು ಪರಿಹರಿಸುತ್ತೇವೆ ಅನ್ನುವುದು ಜಾಹೀರಾತಿನ ಧಾಟಿ. ನಿನ್ನೆಯ ತನಕ ಯಾರೂ ಗಮನಿಸದ ಕೂದಲು ಇದ್ದಕ್ಕಿದ್ದ ಹಾಗೆ ಸಮಸ್ಯೆ ಆಯಿತು. ಮೊದಲು ನಾಚಿಕೆ ಮಾರು, ಆಮೇಲೆ ಬ್ಲೇಡು ಮಾರು.

ಈಗ ಅದೇ ಸರದಿ ಗಂಡಸರದ್ದು. ಎದೆ, ಬೆನ್ನು, ಹೊಟ್ಟೆ, ಅದಕ್ಕೂ ಕೆಳಗೆ. ಒಂದೊಂದು ಜಾಗಕ್ಕೂ ಒಂದೊಂದು ಸಾಧನ, ಒಂದೊಂದು ಕ್ರೀಮು. ಸಿನಿಮಾ ಹೀರೋನ ಎದೆ ನುಣ್ಣಗಿದೆ ಅಂತ ಎದೆ ಮುಚ್ಚಿಕೊಳ್ಳುವ, ಈಜಲು ಕರೆದರೆ ನೆಪ ಹೇಳುವ ಗೆಳೆಯರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ನಾವು ಹೇಳೋದು ಇಷ್ಟೇ. ಮೈಕೂದಲು ಕೊಳೆಯಲ್ಲ, ರೋಗವಲ್ಲ. ತೆಗೆಯುವುದು ಇಷ್ಟ, ತೆಗೆಯದಿರುವುದೂ ಇಷ್ಟ. ಜಿಲೆಟ್ ಮೀಸೆ ಇಟ್ಟುಕೊಂಡ ಹಾಗೆ.

ಕೊನೆಯ ದಿನಗಳು

ಹಣ ಬಂದ ಮೇಲೂ ಕನಸು ಬಿಡಲಿಲ್ಲ. ಜಾನ್ ಜಾಯ್ಸ್ ಎಂಬ ಹೂಡಿಕೆದಾರನ ಜೊತೆ ವರ್ಷಗಟ್ಟಲೆ ಅಧಿಕಾರಕ್ಕಾಗಿ ಜಗ್ಗಾಟ ನಡೆದು, 1910ರ ಹೊತ್ತಿಗೆ ಕಂಪನಿಯ ದಿನನಿತ್ಯದ ಆಡಳಿತದಿಂದ ದೂರವಾದ. ಅಧ್ಯಕ್ಷನ ಪಟ್ಟ ಉಳಿಯಿತು. ಅದೇ ಸುಮಾರಿಗೆ ಇಡೀ ಲೋಕಕ್ಕೆ ಒಂದೇ ಕಂಪನಿ ಇರಬೇಕು ಅಂತ ವರ್ಲ್ಡ್ ಕಾರ್ಪೊರೇಷನ್ ಯೋಜನೆ ಹೂಡಿದ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ಕೊಡುತ್ತೇನೆ, ಇದರ ಮುಖ್ಯಸ್ಥರಾಗಿ ಅಂತ ಕೇಳಿಕೊಂಡ. ರೂಸ್‌ವೆಲ್ಟ್ ಒಪ್ಪಲಿಲ್ಲ. 1924ರಲ್ಲಿ ಮತ್ತೊಂದು ಪುಸ್ತಕ ಬರೆದ. ಓದಿದವರು ಕಡಿಮೆ.

ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಎಸ್ಟೇಟ್ ಮಾಡಿ ಅಲ್ಲಿ ಬಂಗಲೆ ಕಟ್ಟಿಸಿದ. 1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ಸಂಪತ್ತಿನ ಬಹುಪಾಲು ಕರಗಿತು. 1930ರಲ್ಲಿ ಪ್ರತಿಸ್ಪರ್ಧಿ ಆಟೋಸ್ಟ್ರಾಪ್ ಕಂಪನಿಯ ಜೊತೆ ವಿಲೀನ ಆಗಿ ಹಿಡಿತ ಬೇರೆಯವರ ಕೈ ಸೇರಿತು. 1932ರ ಜುಲೈ 9ರಂದು, 77ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಜಿಲೆಟ್ ತೀರಿಕೊಂಡ. ಅವನು ಕನಸಿದ ನಗರದ ಒಂದು ಇಟ್ಟಿಗೆಯೂ ಏಳಲಿಲ್ಲ. ಎಸೆಯಲೆಂದೇ ಮಾಡಿದ ಬ್ಲೇಡು ಮಾತ್ರ ಎಲ್ಲೆಡೆ ಉಳಿಯಿತು.

ಅವನು ನಮ್ಮ ಕೈಗಿಟ್ಟ ಆಯ್ಕೆ

ಆಯುಧ ಕ್ಷೌರಿಕರ ಕೈಯಿಂದ ನಮ್ಮ ಕೈಗೆ ಬಂತು. ಜೊತೆಗೆ ಅವರ ಹೊಣೆಯೂ ಬಂತು. ಇಂಜಿನಿಯರುಗಳ ಹಾಗೆ ಒಂದೊಂದನ್ನೇ ತೂಗಿ ನೋಡೋಣ.

ಟ್ರಿಮ್ಮರ್: ಚರ್ಮಕ್ಕೆ ಅಂಚು ತಾಗದ ಹಾಗೆ ಕೂದಲನ್ನು ಗಿಡ್ಡ ಮಾಡುತ್ತದೆ. ಪೂರ್ತಿ ನುಣುಪು ಸಿಗದು, ಗಾಯವೂ ಕಡಿಮೆ. ಆಪರೇಷನ್ನಿಗೆ ಮುಂಚೆ ಕೂದಲು ತೆಗೆಯಲೇಬೇಕಾದರೆ ರೇಜರ್ ಬೇಡ, ಕ್ಲಿಪ್ಪರ್ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ರೇಜರ್ ಮಾಡುವ ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಒಳಗೆ ಹೋಗಬಹುದು ಅನ್ನೋದೇ ಕಾರಣ. ಎದೆ, ಕಂಕುಳು, ಗುಪ್ತಾಂಗದ ಸುತ್ತ, ಎಲ್ಲಕ್ಕೂ ಮೊದಲ ಆಯ್ಕೆ ಇದೇ ಆಗಲಿ.

ರೇಜರ್: ಅಗ್ಗ, ಬೇಗ. ಬಿಸಿನೀರಿನ ಸ್ನಾನದ ಮೇಲೆ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ಮೊಂಡು ಬ್ಲೇಡು ಬೇಡ. ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾದ ಉಕ್ಕು ಮೊಂಡಾಗುವುದು ಹೇಗೆ ಅನ್ನುವ ಪ್ರಶ್ನೆಯನ್ನು 2020ರಲ್ಲಿ ಎಂಐಟಿಯವರು ಮೈಕ್ರೋಸ್ಕೋಪಿನಲ್ಲಿ ಹಿಡಿದರು. ಅಂಚು ಸವೆಯುವುದಕ್ಕಿಂತ, ಕೂದಲು ಓರೆಯಾಗಿ ತಾಗಿದಾಗ ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ಚೂರು ಕಿತ್ತು ಬರುತ್ತದೆ. ಒಮ್ಮೆ ಆಗದು ಅಂದಿದ್ದ ಸಂಸ್ಥೆಯೇ ನೂರು ವರ್ಷ ಕಳೆದ ಮೇಲೂ ಅದೇ ಅಂಚನ್ನು ಓದುತ್ತಿದೆ. ಅಂದಹಾಗೆ, ಬೋಳಿಸಿದರೆ ಕೂದಲು ದಪ್ಪಗೆ ಬರುತ್ತೆ ಅನ್ನೋದು ಸುಳ್ಳು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಅಳೆದು ನೋಡಿ ಅದನ್ನು ತಳ್ಳಿಹಾಕಿದ್ದರು. ತುದಿ ಮೊನಚಾಗಿಲ್ಲದ ಕಾರಣ ಒರಟು ಅನ್ನಿಸುತ್ತದೆ, ಅಷ್ಟೇ.

ಕ್ರೀಮು: ಹಿಂದೆ ಹರಿತಾಳ ಎಂಬ ಹಳದಿ ಖನಿಜವನ್ನು ಸುಣ್ಣದ ಜೊತೆ ಕಲಸಿ ಹಚ್ಚುತ್ತಿದ್ದರು. ಅದು ಆರ್ಸೆನಿಕ್ಕಿನ ಸಂಯುಕ್ತ, ವಿಷ. ಇಂದಿನ ಕ್ರೀಮಿನಲ್ಲಿರೋದು ಥಯೋಗ್ಲೈಕೊಲೇಟ್. ಕೂದಲಿನ ಕೆರಾಟಿನ್ನಿನಲ್ಲಿರುವ ಗಂಧಕದ ಕೊಂಡಿಗಳನ್ನು ಬಿಡಿಸಿ ಮೆತ್ತಗೆ ಮಾಡುತ್ತದೆ. ಚರ್ಮದಲ್ಲೂ ಕೆರಾಟಿನ್ ಇದೆ ಅನ್ನೋದು ನೆನಪಿರಲಿ. ಪೊಟ್ಟಣದ ಮೇಲೆ ಬರೆದ ನಿಮಿಷ ಮೀರಬಾರದು. ಹಿಂದಿನ ದಿನ ಕೈಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಗುಪ್ತಾಂಗಕ್ಕೆ ಅಂತ ಬರೆಯದ ಕ್ರೀಮನ್ನು ಅಲ್ಲಿಗೆ ತರಲೇಬಾರದು.

ವ್ಯಾಕ್ಸ್: ಬುಡದಿಂದ ಕೀಳುವ ದಾರಿ. ಕೆಲವು ವಾರ ನೆಮ್ಮದಿ. ಆದರೆ ಗುಂಗುರು ಕೂದಲಿನವರಿಗೆ ಹೊಸ ಕೂದಲು ಚರ್ಮದೊಳಗೇ ಸುರುಳಿ ಸುತ್ತಿ ಗುಳ್ಳೆ ಆಗುವುದುಂಟು. ಕೀಳುವುದು ಕೀಳುವುದೇ, ಆದರೆ ಮುನಿಗಳ ಲೋಚನಕ್ಕೂ ಇದಕ್ಕೂ ಉದ್ದೇಶದಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಲೇಸರ್: ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿ ಬುಡ ಬಿಸಿಯಾಗುವಂತೆ ಮಾಡುವ ವಿಧಾನ. ನಮ್ಮ ಚರ್ಮದಲ್ಲೂ ಆ ಬಣ್ಣ ಇರುವುದರಿಂದ ತಪ್ಪು ಯಂತ್ರ ಬಳಸಿದರೆ ಸುಟ್ಟ ಕಲೆ ಬೀಳುತ್ತದೆ. ಕಂದು ಚರ್ಮಕ್ಕೆ 1064 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಹೆಚ್ಚು ಸುರಕ್ಷಿತ. ಹಲವು ಸಲ ಹೋಗಬೇಕು, ಖರ್ಚೂ ಜಾಸ್ತಿ. ಹೋಗುವುದಾದರೆ ಚರ್ಮವೈದ್ಯರ ಹತ್ತಿರವೇ ಹೋಗಿ, ಆಫರ್ ಕೊಡುವವರ ಹತ್ತಿರ ಅಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗೋದೇ ಇಲ್ಲ. ಒದ್ದೆ ಒಳಉಡುಪಿನಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಅದರ ಮೇಲೆ ರೇಜರ್ ಆಡಿಸಿದರೆ ಸೋಂಕು ಹರಡುತ್ತದೆ. ಮೊದಲು ಔಷಧಿ, ಆಮೇಲೆ ಕ್ಷೌರ. ರೇಜರ್ ಆಗಲಿ ಟ್ರಿಮ್ಮರ್ ಆಗಲಿ ರೂಮ್‌ಮೇಟ್ ಜೊತೆ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಒಂದು ಹನಿಯಲ್ಲೂ ದಾಟಬಲ್ಲವು. ಹಳೇ ಬ್ಲೇಡನ್ನು ಕಿಟಕಿಯಿಂದ ಎಸೆಯಬೇಡಿ. ಕಸ ಆರಿಸುವವರ ಕೈ, ತೋಟದಲ್ಲಿ ಬರಿಗಾಲಲ್ಲಿ ನಡೆಯುವವರ ಕಾಲು ಅದಕ್ಕೆ ಸಿಗುತ್ತದೆ. ಒಂದು ಹಳೇ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ಮುಚ್ಚಿ ಕೊಡಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಯಾವ ಊರಿನ ಸಲೂನಿಗೆ ಹೋದರೂ ಒಂದು ದೃಶ್ಯ ಗಮನಿಸಿ. ಕ್ಷೌರಿಕರು ಎರಡಂಚಿನ ಬ್ಲೇಡನ್ನು ಕಾಗದ ಸಮೇತ ನಡುವೆ ಲಟಕ್ಕನೆ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ ಗಡ್ಡಕ್ಕೆ ಬರುತ್ತಾರೆ. ಕ್ಷೌರಿಕರೇ ಬೇಡವಾಗಲಿ ಅಂತ ಮಾಡಿದ ಬ್ಲೇಡು ಅರ್ಧವಾಗಿ ಮತ್ತೆ ಅವರ ಕೈ ಸೇರಿದೆ. ಒಬ್ಬರಿಗೊಂದು ಹೊಸ ಅಂಚು ಸಿಗುವುದು ಇದರಿಂದಲೇ. ಆ ಲಟಕ್ ಸದ್ದು ನಿಮ್ಮ ಕಣ್ಣೆದುರೇ ಕೇಳಲಿ. ಕೇಳದಿದ್ದರೆ ಹೊಸದು ಹಾಕಿ ಅಣ್ಣ ಅಂತ ಮರ್ಯಾದೆಯಿಂದ ಹೇಳಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗಂಟಲು ನಮ್ಮದು, ಕೈ ಅವರದು, ಗೌರವ ಎರಡೂ ಕಡೆ ಇರಲಿ.